ಶನಿವಾರ ರಾತ್ರಿ ಸಾಯುವ ಬೀದಿ ದೀಪಗಳು, ಅದೂ ಒಂಬತ್ತನೇ ಕಂಬದ ಆಚೆಗೆ ಮಾತ್ರ

ನೀರುಗಂಟಿ, ಮಲೆನಾಡು (ಮಂಗಳವಾರ, ರಾತ್ರಿ 9:40)

ಎಲ್ಲರಿಗೂ ನಮಸ್ಕಾರ. ನಾನು ಮಲೆನಾಡಿನ ಒಂದು ಗ್ರಾಮ ಪಂಚಾಯಿತಿಯಲ್ಲಿ ನೀರುಗಂಟಿ. ಕಾಗದದಲ್ಲಿ ನನ್ನ ಕೆಲಸ ನೀರು ಬಿಡುವುದು ಮಾತ್ರ. ಆದರೆ ಪಂಚಾಯಿತಿಯ ಏಣಿ ನಮ್ಮ ಮನೆಯ ಜಗಲಿಯಲ್ಲಿ ಇರುವುದರಿಂದ ಬೀದಿ ದೀಪವೂ ನನ್ನ ತಲೆಗೇ ಬಂದಿದೆ. ಐಟಿಐ ಓದಿದವನಲ್ಲ. ಪಂಪಿನ ಸ್ಟಾರ್ಟರ್ ಬಿಚ್ಚಿ ಜೋಡಿಸುತ್ತೇನೆ, ಒಂದು ಮಲ್ಟಿಮೀಟರ್ ಇದೆ, ನನ್ನ ವಿದ್ಯೆ ಅಲ್ಲಿಗೆ ಮುಗಿಯಿತು.

ಶಾಲೆಯ ಮೂಲೆಯಲ್ಲಿರುವ ಟಿಸಿಯಿಂದ (ಟ್ರಾನ್ಸ್‌ಫಾರ್ಮರ್) ಹೊರಡುವ ಲೈನಿನಲ್ಲಿ 22 ಕಂಬಗಳಿವೆ. ಕರೆಂಟು ತರುವ ಮೂರು ಫೇಸ್, ಅದು ಹಿಂದಿರುಗುವ ಒಂದು ನ್ಯೂಟ್ರಲ್, ಅವುಗಳ ಜೊತೆಗೆ ಬೀದಿ ದೀಪಕ್ಕೆಂದೇ ಎಳೆದ ಐದನೆಯ ತಂತಿ. ಸ್ವಿಚ್ಚು ಟಿಸಿ ಕಂಬದ ಪೆಟ್ಟಿಗೆಯಲ್ಲಿದೆ. ಸಂಜೆ ಹಾಕುವವನೂ ಬೆಳಗಿನ ಜಾವ ಆರಿಸುವವನೂ ನಾನೇ. ಕಳೆದ ವರ್ಷ ಟ್ಯೂಬ್‌ಲೈಟುಗಳನ್ನು ಇಳಿಸಿ ಎಲ್ಲ ಕಂಬಗಳಿಗೂ 20 ವಾಟ್‌ನ ಎಲ್‌ಇಡಿ ಹಾಕಿಸಿದರು. ಬೇಸಿಗೆ ಮುಗಿಯುವವರೆಗೆ ಒಂದೂ ಕೈಕೊಡಲಿಲ್ಲ. ಮೃಗಶಿರ ಮಳೆ ಹಿಡಿಯಿತು ನೋಡಿ, ಅಲ್ಲಿಂದ ಶುರು.

ಒಂದರಿಂದ ಒಂಬತ್ತನೇ ಕಂಬದವರೆಗೆ ಒಂದೇ ಒಂದು ದೀಪ ಕೆಟ್ಟಿಲ್ಲ. ಹತ್ತರಿಂದ ಇಪ್ಪತ್ತೆರಡರವರೆಗಿನ ಹದಿಮೂರು ಕಂಬಗಳಲ್ಲಿ ಆರು ವಾರಗಳಲ್ಲಿ 11 ದೀಪಗಳು ಸತ್ತಿವೆ. ಅವುಗಳಲ್ಲಿ ಮೂರು ನಾನೇ ಬದಲಿಸಿದ ಹೊಸ ದೀಪಗಳು. ಒಂದಕ್ಕೆ ಸಾವಿರ ರೂಪಾಯಿಯ ಮೇಲೆ. ಗಾಳಿ ಮಳೆ ಜೋರಾದಾಗ ಹದಿಮೂರೂ ಒಟ್ಟಿಗೆ ಆರುತ್ತವೆ, ಒಂದೆರಡು ನಿಮಿಷ ಬಿಟ್ಟು ಒಟ್ಟಿಗೆ ಹತ್ತುತ್ತವೆ. ಹಾಗೆ ಆಡುತ್ತಾ ಆಡುತ್ತಾ ಒಂದೊಂದು ಹತ್ತದೆ ಉಳಿದುಬಿಡುತ್ತದೆ.

ಇನ್ನೊಂದು ಸಂಗತಿ ಹೇಳಿದರೆ ನಗಬೇಡಿ. ದೀಪ ಸತ್ತ ದಿನಗಳನ್ನು ನೀರಿನ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದಿಟ್ಟಿದ್ದೇನೆ. ಹನ್ನೊಂದರಲ್ಲಿ ಒಂಬತ್ತು ಶನಿವಾರ ರಾತ್ರಿ ಸತ್ತಿವೆ. ದೇವಸ್ಥಾನದ ಭಟ್ಟರು ಎಳ್ಳೆಣ್ಣೆ ದೀಪ ಹಚ್ಚಿಸು ಎನ್ನುತ್ತಾರೆ. ತಮಾಷೆಗೋ ನಿಜಕ್ಕೋ ಅವರ ಮುಖ ನೋಡಿದರೆ ಗೊತ್ತಾಗುವುದಿಲ್ಲ.

ಇಷ್ಟೇ ಆಗಿದ್ದರೆ ದೀಪವೇ ಕಳಪೆ ಎಂದು ಸುಮ್ಮನಾಗುತ್ತಿದ್ದೆ. ಹದಿನಾಲ್ಕನೇ ಕಂಬ ಕೆರೆಯ ದಂಡೆಯಲ್ಲಿದೆ. ಉಳಿದವೆಲ್ಲ ಸಿಮೆಂಟು ಕಂಬ, ಇದೊಂದು ಕಬ್ಬಿಣದ್ದು. ನಮ್ಮ ಹಸು ಗೌರಿ ಹೋದ ಗುರುವಾರ ಆ ಕಂಬಕ್ಕೆ ಮೈ ತಿಕ್ಕಲು ಹೋಗಿ ನೆಗೆದು ಬಿದ್ದಳು. ಆಗ ಬೆಳಿಗ್ಗೆ ಎಂಟು ಗಂಟೆ. ಬೀದಿ ದೀಪ ಆರಿಸಿ ಎರಡು ಗಂಟೆಯ ಮೇಲಾಗಿತ್ತು. ಓಡಿಹೋಗಿ ಟೆಸ್ಟರ್ ಇಟ್ಟು ನೋಡಿದೆ, ಹೊತ್ತಲಿಲ್ಲ. ಮಕ್ಕಳು ಅದೇ ದಾರಿಯಲ್ಲಿ ಶಾಲೆಗೆ ಹೋಗುತ್ತವೆ. ಸದ್ಯಕ್ಕೆ ಸುತ್ತ ಮುಳ್ಳು ಹಾಕಿ ಹಗ್ಗ ಕಟ್ಟಿದ್ದೇನೆ.

ಕೊನೆಯದಾಗಿ, ಬೆಳಗಿನ ಜಾವ ಸ್ವಿಚ್ಚು ಆರಿಸಿದ ಮೇಲೂ ದೀಪಗಳು ಪೂರ್ತಿ ಆರುವುದಿಲ್ಲ. ಮಿಂಚುಹುಳದಷ್ಟು ಬೆಳಕು ಒಳಗೆ ಉಳಿದಿರುತ್ತದೆ. ಇದು ಎಲ್ಲ 22 ಕಂಬಗಳಲ್ಲೂ ಇದೆ.

ನಾನು ಮಾಡಿದ್ದು: ದೀಪಗಳ ಜಾಯಿಂಟುಗಳನ್ನೆಲ್ಲ ಬಿಚ್ಚಿ ಮತ್ತೆ ಬಿಗಿದೆ. ಒಂಬತ್ತನೇ ಕಂಬದ ಹತ್ತಿರದ ಹಲಸಿನ ಮರದ ಗೆಲ್ಲು ಕಡಿದೆ. ದೀಪ ಕೊಟ್ಟವರನ್ನು ಕೇಳಿದರೆ ಸಿಡಿಲು ಎಂದರು. ವಿದ್ಯುತ್ ಕಚೇರಿಯಲ್ಲಿ ಕೇಳಿದರೆ ಬೀದಿ ದೀಪ ಪಂಚಾಯಿತಿಗೆ ಸೇರಿದ್ದು ಎಂದರು. ಪಿಡಿಒ ಸಾಹೇಬರು 30 ಹೊಸ ದೀಪಗಳಿಗೆ ಪ್ರಸ್ತಾವ ಬರೆಯುತ್ತಿದ್ದಾರೆ. ಹೊಸದು ತಂದರೂ ಅವನ್ನು ಶನಿವಾರಕ್ಕೆ ಬಲಿ ಕೊಟ್ಟಂತೆಯೇ ಎಂದು ನನ್ನ ಅನಿಸಿಕೆ. ತಿಳಿದವರು ದಾರಿ ಹೇಳಿ.

ಅವಸರದ ವೈರಿಂಗ್ (ಮಂಗಳವಾರ, ರಾತ್ರಿ 10:05)

ದೀಪ ಅಗ್ಗದ ಮಾಲು. ಒಳ್ಳೆಯ ಕಂಪನಿಯದು ಹಾಕಿ, ಪ್ರತಿ ದೀಪಕ್ಕೂ ಒಂದು ಸರ್ಜ್ ಪ್ರೊಟೆಕ್ಟರ್ ಕೊಡಿ. ಕಂಬದ ಶಾಕ್ ಮಳೆಗಾಲದಲ್ಲಿ ಮಾಮೂಲಿ, ಬಣ್ಣ ಹೊಡೆಸಿದರೆ ಸರಿಹೋಗುತ್ತದೆ.

ರಿಪೇರಿ ಮೇಜು, ತುಮಕೂರು (ಮಂಗಳವಾರ, ರಾತ್ರಿ 11:20)

ಬಣ್ಣ ಹೊಡೆಸಿದರೆ ಶಾಕ್ ಹೋಗುವುದಿಲ್ಲ. ಯಾರೂ ಆ ಮಾತು ನಂಬಬೇಡಿ. ನೀರುಗಂಟಿಯವರು ಮುಳ್ಳು ಹಾಕಿದ್ದು ಸರಿ.

ನಾನು ಎಲ್‌ಇಡಿ ಡ್ರೈವರ್ (ದೀಪದೊಳಗೆ ಕರೆಂಟನ್ನು ಹದಮಾಡಿ ಕೊಡುವ ಬೋರ್ಡು) ರಿಪೇರಿ ಮಾಡುವವಳು. ಕಂಬ ಹತ್ತುವ ಕೆಲಸ ನನಗೆ ತಿಳಿಯದು, ಸತ್ತು ಮೇಜಿಗೆ ಬಂದ ದೀಪದ ಕಥೆ ಮಾತ್ರ ಹೇಳಬಲ್ಲೆ. ಸತ್ತವುಗಳಲ್ಲಿ ಒಂದನ್ನು ಬಿಚ್ಚಿ ನೋಡಿ. ತಂತಿ ಒಳಗೆ ಬರುವ ಕಡೆ ಒಂದು ಫ್ಯೂಸ್, ಪಕ್ಕದಲ್ಲಿ ವೋಲ್ಟೇಜಿನ ಏಟು ತಡೆಯುವ ಬಿಲ್ಲೆಯಂತಹ ವೇರಿಸ್ಟರ್, ಸ್ವಲ್ಪ ಮುಂದೆ ಡಬ್ಬಿಯಂತಹ ಕೆಪಾಸಿಟರ್ ಇರುತ್ತದೆ. ಸಿಡಿಲಿನ ಪೆಟ್ಟು ತಿಂದದ್ದು ಸಾಮಾನ್ಯವಾಗಿ ಒಂದೇ ಏಟಿಗೆ ಒಡೆದಿರುತ್ತದೆ. ವೇರಿಸ್ಟರ್ ಚೂರಾಗಿ, ತಾಮ್ರದ ಗೆರೆ ಹಾರಿಹೋಗಿರುತ್ತದೆ. ಗಂಟೆಗಟ್ಟಲೆ ಹೆಚ್ಚು ವೋಲ್ಟೇಜ್ ಕುಡಿದದ್ದು ಬೆಂದಿರುತ್ತದೆ. ಬೋರ್ಡು ಕಂದಾಗಿರುತ್ತದೆ, ಕೆಪಾಸಿಟರಿನ ನೆತ್ತಿ ಉಬ್ಬಿರುತ್ತದೆ, ಮುಚ್ಚಳ ತೆಗೆದರೆ ಸುಟ್ಟ ಅಂಟಿನ ವಾಸನೆ.

ಕೆಪಾಸಿಟರಿನ ಮೈಮೇಲೆ ಬರೆದಿರುವುದನ್ನೂ ಓದಿ. ನನ್ನ ಹತ್ತಿರ ಬರುವ ಅಗ್ಗದ ದೀಪಗಳಲ್ಲಿ ಅದು 400 ವೋಲ್ಟ್ ಇರುತ್ತದೆ. ನಮ್ಮ 230 ವೋಲ್ಟ್ ಎನ್ನುವುದು ಸರಾಸರಿ ಲೆಕ್ಕದ್ದು, ಅಲೆಯ ತುದಿ 325ಕ್ಕೆ ಹೋಗುತ್ತದೆ. ಕೆಪಾಸಿಟರ್ ತುಂಬುವುದು ಆ ತುದಿಯವರೆಗೆ. ಲೈನಿನಲ್ಲಿ 283 ದಾಟಿತು ಎಂದರೆ ತುದಿ 400 ದಾಟಿತು. ಅಲ್ಲಿಂದ ಮುಂದೆ ಕೆಪಾಸಿಟರ್ ಬೇಯುವುದೇ.

ಎಲ್ಲವೂ ಒಟ್ಟಿಗೆ ಆರಿ ಒಟ್ಟಿಗೆ ಹತ್ತುತ್ತವೆ ಎಂದಿರಲ್ಲ, ವೋಲ್ಟೇಜ್ ಮಿತಿ ಮೀರಿದಾಗ ತಾನೇ ಆಫ್ ಆಗಿ, ಇಳಿದ ಮೇಲೆ ಆನ್ ಆಗುವ ಡ್ರೈವರ್‌ಗಳು ಹಾಗೆ ಮಾಡುತ್ತವೆ. ಅಗ್ಗದ ಮಾಲಾದರೂ ನಿಮ್ಮ ದೀಪಗಳು ತಮ್ಮ ಕೈಲಾದಷ್ಟು ಬದುಕಲು ನೋಡಿವೆ.

ಆರಿಸಿದ ಮೇಲಿನ ಮಿಣುಕು ಬೇರೆಯೇ ವಿಷಯ. ಐದನೆಯ ತಂತಿ ಉರಿಯುವ ಫೇಸ್‌ಗಳ ಪಕ್ಕದಲ್ಲೇ ಮುಕ್ಕಾಲು ಕಿಲೋಮೀಟರಿಗೂ ಹೆಚ್ಚು ದೂರ ಓಡುತ್ತದೆ. ಸ್ವಿಚ್ಚು ತೆಗೆದರೆ ಅದು ಯಾವುದಕ್ಕೂ ಸೇರದೆ ತೇಲುವ ತಂತಿ. ನಡುವೆ ಗಾಳಿ ಬಿಟ್ಟರೆ ಏನೂ ಇಲ್ಲದಿದ್ದರೂ ಪಕ್ಕದ ತಂತಿಗಳಿಂದ ಚೂರು ವೋಲ್ಟೇಜ್ ಅದರ ಮೇಲೆ ಏರುತ್ತದೆ. ಟ್ಯೂಬ್‌ಲೈಟಿಗೆ ಅದು ಯಾವ ಲೆಕ್ಕಕ್ಕೂ ಇರಲಿಲ್ಲ, ಎಲ್‌ಇಡಿಗೆ ಮಿಣುಕಲು ಅಷ್ಟು ಸಾಕು. ಕೆಳಗಿನ ಪೆಟ್ಟಿಗೆಯಲ್ಲಿ ಸ್ವಿಚ್ಚು ಆರಿಸಿದಾಗ ಬೀದಿ ದೀಪದ ತಂತಿಗೂ ನ್ಯೂಟ್ರಲ್‌ಗೂ ನಡುವೆ ಅಳೆಯಿರಿ. ಆಮೇಲೆ ಅದೇ ಎರಡು ಕೊನೆಗಳಿಗೆ ಒಂದು ಹಳೆಯ ಗುಂಡು ಬಲ್ಬು ಸಿಕ್ಕಿಸಿ ಮತ್ತೆ ಅಳೆಯಿರಿ. ಬಲ್ಬು ಸೇರಿಸಿದ ಕೂಡಲೇ ವೋಲ್ಟೇಜ್ ಕುಸಿದರೆ ಗಾಬರಿ ಬೇಡ. ಬಲ್ಬೇ ಹತ್ತಿಕೊಂಡರೆ ಮಾತ್ರ ತಂತಿಗೆ ಎಲ್ಲೋ ನಿಜವಾದ ಕರೆಂಟು ಸೇರುತ್ತಿದೆ ಎಂದು ಅರ್ಥ.

ಹಳೆಯ ಮಾರ್ಗದಾಳು, ಹಾಸನ (ಬುಧವಾರ, ಬೆಳಿಗ್ಗೆ 5:50)

ತಮ್ಮಾ, ನಾನು 1983ರಲ್ಲಿ ಕೆಇಬಿಗೆ ಸೇರಿದವನು. ಆಗ ನಮ್ಮನ್ನು ಮಾರ್ಗದಾಳು ಎನ್ನುತ್ತಿದ್ದರು, ನಿವೃತ್ತನಾಗುವ ಹೊತ್ತಿಗೆ ಪವರ್‌ಮ್ಯಾನ್ ಆಗಿದ್ದೆ. ಕಚೇರಿಯ ಮುಂದಿನ ಬೋರ್ಡು ಬದಲಾಯಿತು, ಹತ್ತುವ ಕಂಬ ಅದೇ. ನೀನು ನನ್ನ ಮಗನ ವಯಸ್ಸಿನವನು ಎಂದುಕೊಂಡು ಏಕವಚನದಲ್ಲಿ ಬರೆಯುತ್ತಿದ್ದೇನೆ.

ಮೊದಲು ಬೈಗುಳ. ಬೀದಿ ದೀಪದ ಸ್ವಿಚ್ಚೊಂದನ್ನು ಆರಿಸಿ ಏಣಿ ಹತ್ತುತ್ತಿದ್ದೀಯಲ್ಲವೇ? ಬರೆದಿಲ್ಲ, ಆದರೆ ಗೊತ್ತಾಗುತ್ತದೆ. ನಿನ್ನ ಕಿವಿಯಿಂದ ಎರಡು ಗೇಣು ದೂರದಲ್ಲಿ ಮೂರು ಫೇಸ್‌ಗಳು ಬದುಕಿರುತ್ತವೆ. ಇನ್ನು ಮೇಲೆ ಎಲ್‌ಸಿ (ಲೈನಿನ ಕರೆಂಟು ತೆಗೆದಿದೆ ಎಂಬ ಕಚೇರಿಯ ಅನುಮತಿ) ಇಲ್ಲದೆ ಹತ್ತಬೇಡ.

ಈಗ ವಿಷಯಕ್ಕೆ ಬರುತ್ತೇನೆ. ನೀನು ಆರು ವಾರ ದೀಪಗಳನ್ನೇ ನೋಡಿದ್ದೀಯ. ಆ ಹದಿಮೂರು ಕಂಬಗಳಿಂದ ಮನೆಗಳಿಗೂ ಸರ್ವಿಸ್ ಹೋಗಿದೆಯಲ್ಲ, ಆ ಮನೆಯವರನ್ನು ಕೇಳಿದೆಯಾ? ಬೀದಿ ದೀಪಕ್ಕೆ ಫೇಸ್ ತಂತಿ ಮಾತ್ರ ಬೇರೆ. ನ್ಯೂಟ್ರಲ್ ಎಲ್ಲರಿಗೂ ಒಂದೇ. ದೀಪ ಸಾಯುವ ಊರಿನಲ್ಲಿ ಫ್ರಿಜ್ಜಿನ ಸ್ಟೆಬಿಲೈಸರ್ ಟಕ್ ಟಕ್ ಎನ್ನುತ್ತಿರುತ್ತದೆ, ಯಾರದೋ ಟಿವಿ ಹೋಗಿರುತ್ತದೆ, ಇನ್ಯಾರದೋ ಮಿಕ್ಸಿ ತಿರುಗುವುದಿಲ್ಲ. ಅವರು ವಿದ್ಯುತ್ ಕಚೇರಿಗೆ ಫೋನ್ ಮಾಡಿರುತ್ತಾರೆ, ನೀನು ದೀಪದ ಅಂಗಡಿಗೆ ಮಾಡಿರುತ್ತೀಯ. ಇಬ್ಬರೂ ಒಂದು ಕಡೆ ಕೂತು ಮಾತಾಡುವುದಿಲ್ಲ.

ನನ್ನ ಲೆಕ್ಕದಲ್ಲಿ ನಿನ್ನ ಒಂಬತ್ತನೇ ಕಂಬದಲ್ಲಿ ನ್ಯೂಟ್ರಲ್ ಕಳಚಿದೆ ಅಥವಾ ಕಳಚುತ್ತಾ ಕೂಡುತ್ತಾ ಇದೆ. ಆ ಕಂಬದಲ್ಲಿ ಲೈನು ತಿರುಗುತ್ತದೆಯೇ? ತಿರುವಿನ ಕಂಬದಲ್ಲಿ ಎರಡೂ ಕಡೆಯ ತಂತಿಗಳು ಬೇರೆ ಬೇರೆಯಾಗಿ ಕೊನೆಗೊಂಡು, ನಡುವೆ ಅವನ್ನು ಜೋಡಿಸುವ ತುಂಡು ತಂತಿ, ಅಂದರೆ ಜಂಪರ್, ಕಟ್ಟಿರುತ್ತಾರೆ. ಲೈನಿನಲ್ಲಿ ಏನಾದರೂ ಬಿಡುವುದಿದ್ದರೆ ಅಲ್ಲೇ.

ನ್ಯೂಟ್ರಲ್ ಬಿಟ್ಟರೆ ಏನಾಗುತ್ತದೆ ಎಂದು ಹೊಸ ಹುಡುಗರಿಗೆ ಹೀಗೆ ಹೇಳುತ್ತಿದ್ದೆ. ಒಂದು ಉಂಗುರಕ್ಕೆ ಮೂರು ಹಗ್ಗ ಕಟ್ಟಿ ಮೂರು ಜನ ಮೂರು ಮೂಲೆಯಿಂದ ಎಳೆಯುತ್ತಿದ್ದಾರೆ. ಉಂಗುರ ನಡುವಿನ ಗೂಟದಲ್ಲಿದೆ, ಆದ್ದರಿಂದ ಮೂವರಿಗೂ ಅದು 230 ದೂರ. ಗೂಟ ಕಿತ್ತುಬಿಡು. ಬಲವಾಗಿ ಎಳೆಯುವವನ ಕಡೆಗೆ ಉಂಗುರ ಸರಿಯುತ್ತದೆ. ಅವನಿಗೆ ದೂರ ಕಡಿಮೆಯಾಯಿತು, ಉಳಿದ ಇಬ್ಬರಿಗೆ ಹೆಚ್ಚಾಯಿತು. ಉಂಗುರವೇ ನ್ಯೂಟ್ರಲ್, ಮೂವರೇ ಮೂರು ಫೇಸ್, ಆ ದೂರವೇ ವೋಲ್ಟೇಜು. ಹೆಚ್ಚು ಲೋಡು ಇರುವ ಫೇಸಿನಲ್ಲಿ ಇಳಿಯುತ್ತದೆ, ಲೋಡಿಲ್ಲದ ಫೇಸಿನಲ್ಲಿ ಏರುತ್ತದೆ. ಕೆಟ್ಟರೆ 400ರ ಹತ್ತಿರಕ್ಕೂ ಹೋಗಬಹುದು. ಮೂವರು ನಿಂತ ಮೂಲೆಗಳು ಮಾತ್ರ ಅಲುಗುವುದಿಲ್ಲ. ಅಂದರೆ ಫೇಸಿನಿಂದ ಫೇಸಿಗೆ ಅಳೆದರೆ 400ರ ಆಸುಪಾಸು ಹಾಗೆಯೇ ಇರುತ್ತದೆ.

ಈಗ ಶನಿವಾರ. ನಿಮ್ಮ ಊರಿನಲ್ಲಿ ಶನಿವಾರ ಸಂಜೆ ಒಂದೇ ಫೇಸಿನ ಮೇಲೆ ದೊಡ್ಡ ಲೋಡು ಹಾಕುವವರು ಯಾರು? ಹುಡುಕು. ಅದು ಸಿಕ್ಕಿದರೆ ಭಟ್ಟರಿಗೂ ಉತ್ತರ ಸಿಗುತ್ತದೆ.

ಹಸುವಿನ ವಿಷಯವೇ ನನಗೆ ಹೆಚ್ಚು ದಿಗಿಲು ಹುಟ್ಟಿಸಿದ್ದು. ಬೀದಿ ದೀಪ ಆರಿಸಿದ ಮೇಲೆ ಶಾಕ್ ಎಂದೆ. ಹಾಗಾದರೆ ಅದು ಐದನೆಯ ತಂತಿಯಿಂದ ಬಂದದ್ದಲ್ಲ. ದೀಪ ಹಾಕಿದವನು ಅರ್ಥ್ ಪೈಪ್ ಹೂಳುವ ಕಷ್ಟ ತಪ್ಪಿಸಿಕೊಳ್ಳಲು ದೀಪದ ಅರ್ಥ್ ತಂತಿಯನ್ನು ನ್ಯೂಟ್ರಲ್‌ಗೇ ಸುತ್ತಿರಬೇಕು. ನ್ಯೂಟ್ರಲ್ ಸರಿ ಇರುವವರೆಗೆ ಯಾರಿಗೂ ಗೊತ್ತಾಗುವುದಿಲ್ಲ. ಗೂಟ ಕಿತ್ತ ದಿನ ಉಂಗುರದ ಜೊತೆ ಕಂಬವೂ ತೇಲುತ್ತದೆ. ಟೆಸ್ಟರ್ ನಂಬಬೇಡ. ಅದರೊಳಗಿನ ನಿಯಾನ್ ಹೊತ್ತಲು 60-70 ವೋಲ್ಟ್ ಆದರೂ ಬೇಕು. 40 ವೋಲ್ಟಿಗೆ ಅದು ಸುಮ್ಮನಿರುತ್ತದೆ, ಹಸು ಸುಮ್ಮನಿರುವುದಿಲ್ಲ. ಬರಿಗಾಲು, ಒದ್ದೆ ನೆಲ, ಮುಂದಿನ ಕಾಲಿಗೂ ಹಿಂದಿನ ಕಾಲಿಗೂ ಒಂದೂವರೆ ಮೀಟರ್ ಅಂತರ.

ಹೀಗೆ ಮಾಡು. ಕಂಬ ಹತ್ತದೆ, ನೆಲದ ಮೇಲೆ ನಿಂತು ಮಾಡುವಂಥದ್ದೇ ಹೇಳುತ್ತೇನೆ. ಒಂಬತ್ತರ ಈಚೆ ಒಂದು ಮನೆ, ಆಚೆ ಮೂರು ಫೇಸ್ ಇರುವ ಒಂದು ಮನೆ ಹಿಡಿ. ಮೀಟರ್ ಬೋರ್ಡಿನಲ್ಲಿ ಪ್ರತಿ ಫೇಸಿಗೂ ನ್ಯೂಟ್ರಲ್‌ಗೂ ನಡುವೆ ಅಳೆ, ಶನಿವಾರ ಸಂಜೆಯೇ ಅಳೆ. ಒಂಬತ್ತರ ಆಚೆಯ ಮನೆಯಲ್ಲಿ ಒಂದು ಗುಂಡು ಬಲ್ಬು ಉರಿಸು. ವೋಲ್ಟೇಜು ಏರಿದರೂ ಇಳಿದರೂ ಎಲ್‌ಇಡಿ ಸಾಯುವವರೆಗೂ ಒಂದೇ ಮುಖ ತೋರಿಸುತ್ತದೆ, ಗುಂಡು ಬಲ್ಬಿಗೆ ಮುಚ್ಚಿಡಲು ಬರುವುದಿಲ್ಲ. ಕಬ್ಬಿಣದ ಕಂಬಕ್ಕೆ ರಬ್ಬರ್ ಬೂಟು ಹಾಕಿಕೊಂಡು ಹೋಗು, ಮೈ ತಾಗಿಸಬೇಡ. ಮೀಟರಿನ ಒಂದು ಮೊನೆ ಕಂಬಕ್ಕೆ, ಇನ್ನೊಂದು ಮೊನೆ ಎರಡು ಮಾರು ದೂರದಲ್ಲಿ ಹಸಿ ನೆಲಕ್ಕೆ ಚುಚ್ಚಿದ ಸರಳಿಗೆ.

ಲೇಔಟಿನ ನಿವಾಸಿ, ಮೈಸೂರು (ಬುಧವಾರ, ಮಧ್ಯಾಹ್ನ 1:15)

ಇದೇ ಚರ್ಚೆಯಲ್ಲಿ ಕೇಳುತ್ತಿದ್ದೇನೆ, ಕ್ಷಮಿಸಿ. ನಮ್ಮ ಬಡಾವಣೆಯಲ್ಲಿ ತದ್ವಿರುದ್ಧ, ದೀಪಗಳು ಹಗಲೂ ಆರುವುದಿಲ್ಲ. ಟೈಮರ್ ಹೊಸದು.

ಹಳೆಯ ಮಾರ್ಗದಾಳು, ಹಾಸನ (ಬುಧವಾರ, ಮಧ್ಯಾಹ್ನ 2:30)

ಸ್ವಾಮಿ, ಟೈಮರ್ ಹೇಳಿದರೆ ಸಾಲದು, ದೀಪದ ಲೈನನ್ನು ಕೂಡಿಸಿ ಬಿಡಿಸುವ ಕಂಟ್ಯಾಕ್ಟರ್ ಕೇಳಬೇಕು. ಪಾಯಿಂಟುಗಳು ಬೆಸೆದುಕೊಂಡಿದ್ದರೆ ಕಾಯಿಲ್‌ಗೆ ಕರೆಂಟು ನಿಂತರೂ ಅದು ಬಿಡುವುದಿಲ್ಲ. ಪೆಟ್ಟಿಗೆಯಲ್ಲಿ ಹಲ್ಲಿ ಸತ್ತು ಅಂಟಿಕೊಂಡಿದ್ದನ್ನೂ ನೋಡಿದ್ದೇನೆ. ಎಲ್ಲ ದೀಪಗಳೂ ಉರಿದರೆ ಪೆಟ್ಟಿಗೆ ನೋಡಿಸಿ. ಒಂದೊಂದೇ ಉರಿದರೆ ಅದರ ಫೋಟೋಸೆಲ್ ಮೇಲೆ ಕಾಗೆ ಏನು ಮಾಡಿದೆ ಎಂದು ನೋಡಿಸಿ. ಪೆಟ್ಟಿಗೆಗೆ ನೀವೇ ಕೈ ಹಾಕಬೇಡಿ.

ನೀರುಗಂಟಿ, ಮಲೆನಾಡು (ಭಾನುವಾರ, ಬೆಳಿಗ್ಗೆ 7:10)

ಯಜಮಾನರೇ, ಎಲ್ಲಿಂದ ಶುರು ಮಾಡಲಿ? ಬೈಗುಳ ಒಪ್ಪಿಕೊಂಡಿದ್ದೇನೆ. ನೀವು ಹೇಳಿದ್ದು ನಿಜ, ಸ್ವಿಚ್ಚು ಮಾತ್ರ ಆರಿಸಿ ಹತ್ತುತ್ತಿದ್ದೆ.

ಮನೆಗಳಿಗೆ ಹೋಗಿ ಕೇಳಿದೆ. ಎರಡು ಮನೆಯವರು ಸ್ಟೆಬಿಲೈಸರ್ ಸದ್ದಿಗೆ ಬೇಸತ್ತು ಫ್ರಿಜ್ಜನ್ನೇ ಆರಿಸಿಟ್ಟಿದ್ದಾರೆ. ಹದಿನೇಳನೇ ಕಂಬದ ಮನೆಯಲ್ಲಿ ಮೊಬೈಲ್ ಚಾರ್ಜರ್ ಎರಡು ಸಲ ಸುಟ್ಟಿದೆ. ಅಂಗಡಿಯವನು ಮೋಸ ಮಾಡಿದ ಎಂದು ಅವರು ಜಗಳವಾಡಿ ಬಂದಿದ್ದರಂತೆ. ಒಂಬತ್ತರ ಈಚೆ ಹಾಲಿನ ಡೇರಿಯವರಿಗೆ ಏನೂ ಗೊತ್ತಿಲ್ಲ.

ಶನಿವಾರದ ಗುಟ್ಟು ಹತ್ತೊಂಬತ್ತನೇ ಕಂಬದಲ್ಲಿತ್ತು. ಅಲ್ಲೊಂದು ಹೋಂಸ್ಟೇ ಇದೆ. ಮಳೆ ನೋಡಲು ಬೆಂಗಳೂರಿನಿಂದ ಶನಿವಾರ ಜನ ಬರುತ್ತಾರೆ, ತೋಟ ಸುತ್ತಿ ಜಿಗಣೆ ಕಚ್ಚಿಸಿಕೊಂಡು ಬಂದು ಸಂಜೆ ಒಟ್ಟಿಗೆ ಸ್ನಾನಕ್ಕೆ ಹೋಗುತ್ತಾರೆ. 2 ಕಿಲೋವಾಟ್‌ನ ಮೂರು ಗೀಸರ್‌ಗಳು. ಮನೆಗೆ ಮೂರು ಫೇಸ್ ಇದ್ದರೂ ವೈರಿಂಗ್ ಮಾಡಿದವನು ಮೂರನ್ನೂ ಹಳದಿ ಫೇಸಿಗೇ ಕೊಟ್ಟಿದ್ದಾನೆ. ಹೋಂಸ್ಟೇ ಯಜಮಾನರಿಗೆ ನನ್ನನ್ನು ಕಂಡು ಸಂತೋಷವೇ ಆಯಿತು. ಬಿಸಿನೀರು ಉಗುರುಬೆಚ್ಚಗೆ ಮಾತ್ರ ಬರುತ್ತದೆ ಎಂದು ಬಂದವರೆಲ್ಲ ದೂರುತ್ತಿದ್ದರಂತೆ. ಅವರು ಗೀಸರನ್ನೇ ಬದಲಿಸುವವರಿದ್ದರು.

ನಿನ್ನೆ ಸಂಜೆ 7:15ಕ್ಕೆ, ಗಾಳಿ ಮಳೆಯ ನಡುವೆ, ಮೂರೂ ಗೀಸರ್ ಹಾಕಿಸಿ ಅವರ ಬೋರ್ಡಿನಲ್ಲಿ ಅಳೆದದ್ದು: ಕೆಂಪು ಫೇಸ್ 271, ಹಳದಿ 165, ನೀಲಿ 266. ಕೆಂಪಿನಿಂದ ಹಳದಿಗೆ 398. ಅದೇ ಹೊತ್ತಿಗೆ ಡೇರಿಯಲ್ಲಿ ನನ್ನ ತಮ್ಮ ಅಳೆದದ್ದು 229. ನಮ್ಮ ಬೀದಿ ದೀಪದ ತಂತಿ ಟಿಸಿಯಲ್ಲಿ ಕೆಂಪು ಫೇಸಿನಿಂದಲೇ ಹೊರಡುತ್ತದೆ. 165ರ ಮೇಲೆ ಗೀಸರ್ ಅರ್ಧ ಶಾಖವನ್ನೂ ಕಷ್ಟಪಟ್ಟು ಕೊಡುತ್ತದೆ ಎಂದು ಹೋಂಸ್ಟೇಯವರ ಮಗಳು ಫೋನಿನಲ್ಲೇ ಲೆಕ್ಕ ಹಾಕಿ ಹೇಳಿದಳು. ಮಳೆ ನಿಂತು ಗಾಳಿ ತಗ್ಗಿದ ಮೇಲೆ ಮತ್ತೆ ಅಳೆದೆ. 232, 224, 230. ಏನೂ ಆಗಿಯೇ ಇಲ್ಲವೇನೋ ಎಂಬಂತೆ.

ಗುಂಡು ಬಲ್ಬು ಪೇಟೆಯಲ್ಲಿ ಸಿಗಲಿಲ್ಲ. ಭಟ್ಟರ ಅಟ್ಟದ ಮೇಲೆ ಒಂದು ಡಜನ್ ಇದ್ದವು. ಅವರ ಮನೆ ಹನ್ನೆರಡನೇ ಕಂಬದ್ದು, ಕೆಂಪು ಫೇಸ್. ಗೀಸರ್ ಹಾಕಿದ ಕೂಡಲೇ ಬಲ್ಬು ಬೆಳ್ಳಗೆ ಉರಿಯಿತು, ಆರಿಸಿದರೆ ಹಳದಿಗೆ ಇಳಿಯಿತು. ಭಟ್ಟರು ಎರಡು ಸಲ ನೋಡಿ, "ಹಾಗಾದರೆ ಶನಿಯ ಮನೆ ಹತ್ತೊಂಬತ್ತನೇ ಕಂಬ" ಎಂದರು.

ಕಬ್ಬಿಣದ ಕಂಬಕ್ಕೂ ಸರಳಿಗೂ ನಡುವೆ 38 ವೋಲ್ಟ್. ಟೆಸ್ಟರ್ ಆಗಲೂ ಹೊತ್ತಲಿಲ್ಲ.

ಅಕ್ಕಾ, ಬಿಚ್ಚಿದ ದೀಪದಲ್ಲಿ ಕೆಪಾಸಿಟರ್ 400 ವೋಲ್ಟಿನದೇ, ನೆತ್ತಿ ಉಬ್ಬಿದೆ, ಬೋರ್ಡು ಕಾಫಿ ಬಣ್ಣಕ್ಕೆ ತಿರುಗಿದೆ. ಮಿಣುಕಿನ ಅಳತೆ: ಬಲ್ಬು ಇಲ್ಲದೆ 74 ವೋಲ್ಟ್, ಬಲ್ಬು ಸಿಕ್ಕಿಸಿದರೆ ಸೊನ್ನೆ.

ಹಳೆಯ ಮಾರ್ಗದಾಳು, ಹಾಸನ (ಭಾನುವಾರ, ಬೆಳಿಗ್ಗೆ 8:00)

ಶಭಾಷ್. ಇನ್ನು ನೀನು ಕೈ ಹಾಕುವ ಕೆಲಸವಲ್ಲ ಇದು. ನ್ಯೂಟ್ರಲ್ ವಿದ್ಯುತ್ ಕಂಪನಿಯ ಆಸ್ತಿ. ಇವತ್ತೇ 1912ಕ್ಕೆ ಫೋನ್ ಮಾಡಿ ದೂರಿನ ಸಂಖ್ಯೆ ತೆಗೆದುಕೋ. ನಾಳೆ ಬೆಳಿಗ್ಗೆ ಪಿಡಿಒ ಸಹಿ ಹಾಕಿದ ಪತ್ರವನ್ನು ಶಾಖಾಧಿಕಾರಿಗೆ ಕೊಡು. ಬೀದಿ ದೀಪ ಕೆಟ್ಟಿದೆ ಎಂದು ಬರೆಯಬೇಡ, ಅದನ್ನು ಪಂಚಾಯಿತಿಗೇ ವಾಪಸು ಕಳಿಸುತ್ತಾರೆ. "ಎಲ್‌ಟಿ ಲೈನಿನ ಒಂಬತ್ತನೇ ಕಂಬದಲ್ಲಿ ನ್ಯೂಟ್ರಲ್ ಜಂಪರ್ ಸಡಿಲವಾಗಿದೆ, ಮನೆಗಳಿಗೆ 271 ವೋಲ್ಟ್ ಬರುತ್ತಿದೆ, ಕಬ್ಬಿಣದ ಕಂಬದಲ್ಲಿ ಜಾನುವಾರಿಗೆ ಶಾಕ್ ಆಗಿದೆ" ಎಂದು ಬರೆ. ಅಳತೆಯನ್ನೂ ಸಮಯವನ್ನೂ ನಮೂದಿಸು.

ಹತ್ತಲು ಬರುವ ಹುಡುಗನಿಗೆ ಎರಡು ಮಾತು ಹೇಳು. ಹೋಂಸ್ಟೇಯಲ್ಲಿ ಜನರೇಟರ್ ಇದ್ದೇ ಇರುತ್ತದೆ. ಚೇಂಜ್‌ಓವರ್ (ಲೈನು ಬಿಡಿಸಿ ಜನರೇಟರಿಗೆ ಸೇರಿಸುವ ಸ್ವಿಚ್ಚು) ಸರಿ ಇಲ್ಲದಿದ್ದರೆ ಟಿಸಿ ಫ್ಯೂಸ್ ಕಿತ್ತರೂ ಲೈನಿಗೆ ಹಿಂದಿನಿಂದ ಕರೆಂಟು ಬರುತ್ತದೆ. ಆದ್ದರಿಂದ ಕೆಲಸ ಮಾಡುವ ಜಾಗದ ಎರಡೂ ಕಡೆ ಅರ್ಥ್ ಮಾಡದೆ ಕೈ ಹಾಕಬಾರದು. ಎರಡನೆಯದು, ನ್ಯೂಟ್ರಲ್ ಎಂದರೆ ಕರೆಂಟಿಲ್ಲದ ತಂತಿ ಎಂದುಕೊಳ್ಳಬಾರದು. ಬಿಟ್ಟುಹೋದ ನ್ಯೂಟ್ರಲಿನ ಆಚೆ ತುದಿ ಮನೆಗಳ ಲೋಡಿನ ಮೂಲಕ ಫೇಸ್ ಆಗಿಯೇ ಕೂತಿರುತ್ತದೆ. ನನ್ನ ಜೊತೆ ಕೆಲಸ ಮಾಡಿದ ಒಬ್ಬ ಅದನ್ನು ಮರೆತಿದ್ದ. ಆ ಕಥೆ ಇಲ್ಲಿ ಬೇಡ.

ಗೀಸರ್‌ಗಳನ್ನು ಮೂರು ಫೇಸಿಗೂ ಹಂಚಿಸು. ಅದರಿಂದ ತೊಂದರೆ ಮರೆಯಾಗುತ್ತದೆಯೇ ಹೊರತು ಹೋಗುವುದಿಲ್ಲ, ಆದ್ದರಿಂದ ಜಂಪರ್ ಮೊದಲು, ಗೀಸರ್ ಆಮೇಲೆ.

ನೀರುಗಂಟಿ, ಮಲೆನಾಡು (ಶುಕ್ರವಾರ, ರಾತ್ರಿ 8:30)

ಕೆಲಸ ಆಯಿತು. ಪತ್ರದಲ್ಲಿ 271 ಎಂದು ಓದಿದ ಕೂಡಲೇ ಶಾಖಾಧಿಕಾರಿಗಳ ಮುಖ ಬದಲಾಯಿತು. ನಿನ್ನೆ ಎಲ್‌ಸಿ ತೆಗೆದುಕೊಂಡು ಇಬ್ಬರು ಪವರ್‌ಮ್ಯಾನ್‌ಗಳು ಬಂದರು. ನೀವು ಹೇಳಿದ ಎರಡೂ ಮಾತು ಹೇಳಿದೆ. ಅವರಲ್ಲಿ ದೊಡ್ಡವರು "ಯಾರಪ್ಪಾ ನಿನಗೆ ಹೇಳಿಕೊಟ್ಟವರು?" ಎಂದು ಕೇಳಿ, ನಗುತ್ತಲೇ ಹೋಂಸ್ಟೇಗೆ ಹೋಗಿ ಜನರೇಟರಿನ ಚೇಂಜ್‌ಓವರ್ ನೋಡಿ ಬಂದರು.

ಒಂಬತ್ತನೇ ಕಂಬ ತಿರುವಿನದೇ. ಹಿಂದೆ ಯಾವುದೋ ಮಳೆಗಾಲದಲ್ಲಿ ಹಲಸಿನ ಗೆಲ್ಲು ಬಿದ್ದು ತಂತಿ ಕಡಿದಾಗ ಯಾರೋ ನ್ಯೂಟ್ರಲ್ ಜಂಪರಿಗೆ ಮನೆ ವೈರಿಂಗಿನ ತಾಮ್ರದ ತಂತಿ ಸುತ್ತಿದ್ದಾರೆ. ಅಲ್ಯುಮಿನಿಯಂ ಮೇಲೆ ತಾಮ್ರ, ಅದರ ಮೇಲೆ ನಮ್ಮ ಮಳೆ. ಬಿಚ್ಚಿದಾಗ ಬಿಳಿ ಪುಡಿಯೂ ಹಸಿರು ಕಿಲುಬೂ ಉದುರಿದವು. ಏಳು ಎಳೆಗಳಲ್ಲಿ ಒಂದೇ ಎಳೆ ತಾಗಿಕೊಂಡಿತ್ತು. ಬೇಸಿಗೆಯೆಲ್ಲಾ ಅದು ಹೇಗೋ ಕಚ್ಚಿಕೊಂಡಿತ್ತು, ಗಾಳಿ ಬೀಸಿದಾಗ ಬಿಡುತ್ತಿತ್ತು. ಈಗ ಲೈನಿನದೇ ಜಾತಿಯ ಅಲ್ಯುಮಿನಿಯಂ ತಂತಿ ಹಾಕಿ, ಬ್ರಷ್‌ನಿಂದ ಉಜ್ಜಿ, ಎರಡು ತಂತಿಗಳನ್ನು ಒಟ್ಟಿಗೆ ಹಿಡಿಯುವ ಪಿಜಿ ಕ್ಲಾಂಪ್ ಬಿಗಿದಿದ್ದಾರೆ. ಆ ತಂತಿಯ ಹೆಸರು ವೀಸೆಲ್ ಅಂತೆ. ಅದಕ್ಕಿಂತ ಸಣ್ಣದು ಅಳಿಲು, ದಪ್ಪದು ಮೊಲ. ಬ್ರಿಟಿಷರು ತಂತಿಗಳಿಗೂ ಪ್ರಾಣಿಗಳ ಹೆಸರಿಟ್ಟಿದ್ದಾರೆ ಎಂದು ನನಗೆ ಗೊತ್ತಿರಲಿಲ್ಲ.

ಸಂಜೆ ಗಾಳಿ ಇತ್ತು. ಮೂರೂ ಗೀಸರ್ ಹಾಕಿಸಿ ಅಳೆದೆ. 230, 221, 231. ಕಂಬದ ಬುಡದಲ್ಲಿ ಸೊನ್ನೆ. ಹದಿನಾಲ್ಕರಲ್ಲಿ ನೀವು ಊಹಿಸಿದಂತೆ ದೀಪದ ಹಸಿರು ತಂತಿಯನ್ನು ನ್ಯೂಟ್ರಲ್‌ಗೆ ಸುತ್ತಿದ್ದರು. ಅದನ್ನು ಬಿಡಿಸಿ ಬೇರೆ ಅರ್ಥ್ ಪೈಪ್ ಹೂಳಿದ್ದೇವೆ. ಗುಂಡಿ ತೋಡಿದವನು ನಾನೇ, ಉಪ್ಪು ಇದ್ದಿಲು ಹೋಂಸ್ಟೇಯವರದು. ಮುಳ್ಳು ತೆಗೆದಿದ್ದೇನೆ. ಗೌರಿ ಮಾತ್ರ ಇನ್ನೂ ಸುತ್ತು ಹಾಕಿಯೇ ಹೋಗುತ್ತಾಳೆ.

ಮಿಣುಕು ಹಾಗೆಯೇ ಇದೆ. ಇಪ್ಪತ್ತೆರಡನೇ ಕಂಬದಲ್ಲಿ ದೀಪದ ಜೊತೆ ಭಟ್ಟರ ಬಲ್ಬೊಂದನ್ನು ಸೇರಿಸಿದರೆ ಅದೂ ಹೋಗುತ್ತದೆಯೇ, ಅಕ್ಕಾ?

ರಿಪೇರಿ ಮೇಜು, ತುಮಕೂರು (ಶುಕ್ರವಾರ, ರಾತ್ರಿ 9:15)

ಹೋಗುತ್ತದೆ. ಆದರೆ ರಾತ್ರಿಯಿಡೀ 60 ವಾಟ್ ಉರಿಯುತ್ತದೆ, ಮೂರು ಬೀದಿ ದೀಪಗಳಷ್ಟು. ಬೆಳಗಿನ ಜಾವದ ಮಿಣುಕಿಗೆ ಅಷ್ಟು ಖರ್ಚು ಯಾಕೆ? ಬಿಟ್ಟುಬಿಡಿ. ಸತ್ತ ಹನ್ನೊಂದನ್ನೂ ಎಸೆಯಬೇಡಿ, ಎಲ್‌ಇಡಿ ತಟ್ಟೆಗಳು ಬದುಕಿರುತ್ತವೆ. ಡ್ರೈವರ್ ಮಾತ್ರ ಬದಲಿಸಿದರೆ ಹೊಸ ದೀಪದ ಬೆಲೆಯಲ್ಲಿ ಅರ್ಧವೂ ಆಗುವುದಿಲ್ಲ. ಕೆಪಾಸಿಟರ್ 450 ವೋಲ್ಟಿನದು ಇರುವ ಡ್ರೈವರ್ ಕೇಳಿ ತೆಗೆದುಕೊಳ್ಳಿ.

ಹಳೆಯ ಮಾರ್ಗದಾಳು, ಹಾಸನ (ಶನಿವಾರ, ಬೆಳಿಗ್ಗೆ 5:45)

ಆ ತಾಮ್ರದ ತುಂಡು ಇಟ್ಟುಕೊಂಡಿದ್ದೀಯಾ?

ನೀರುಗಂಟಿ, ಮಲೆನಾಡು (ಶನಿವಾರ, ಬೆಳಿಗ್ಗೆ 6:20)

ಇಟ್ಟುಕೊಂಡಿದ್ದೇನೆ. ನೀರಿನ ಪುಸ್ತಕದೊಳಗೆ, ಪ್ಲಾಸ್ಟಿಕ್ ಚೀಲದಲ್ಲಿದೆ. 30 ದೀಪಗಳ ಪ್ರಸ್ತಾವ ಸೋಮವಾರ ಸಭೆಗೆ ಬರುತ್ತದೆ, ಒಯ್ಯುತ್ತೇನೆ.